ತಿಪ್ಪೆಯಲ್ಲಿ ಸಿಕ್ಕ ಕರಿ ಹುಳ: ಇದನ್ನು ಇಷ್ಟು ದಿನ ಸುಮ್ನೆ ಹೊಸಕಿ ಹಾಕಿದ್ದೇವೆ

ಚನ್ನಗಿರಿ ತೋಟದವ

ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಅಡಿಕೆ ತೋಟಕ್ಕೆ ಗೊಬ್ಬರ ಹೊಡೆಯೋಣ ಅಂತ ತಿಪ್ಪೆ ಕೆದರುತ್ತಿದ್ದೆವು. ಮೇಲಿನ ಒಣ ಪದರ ತೆಗೆದು ಒಂದು ಗೇಣು ಕೆಳಗೆ ಹೋದರೆ ನೊಣದ ಮರಿಹುಳುಗಳು ಬೆಳ್ಳಗೆ ಗಿಜಿಗುಡುತ್ತಿದ್ದವು. ಅವುಗಳ ನಡುವೆ ಒಂದು ಕರಿ ಹುಳ. ತೊಗರಿ ಕಾಳಿಗಿಂತ ಸ್ವಲ್ಪ ದೊಡ್ಡದು. ಎಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿದ ಹಾಗೆ ಮಿಂಚುತ್ತಿತ್ತು.

ಬೆರಳು ತಾಗಿಸಿದೆ. ತಕ್ಷಣ ಕಾಲು ಒಳಗೆ, ತಲೆ ಒಳಗೆ. ಅಂಗೈ ಮೇಲೆ ಹಾಕಿಕೊಂಡು ಮಗುಚಿ ನೋಡಿದರೆ ಕಾಲು ಎಲ್ಲಿವೆ ಅಂತಲೇ ಗೊತ್ತಾಗಲಿಲ್ಲ. ಹೊಟ್ಟೆ ಕೆಳಗೆ ಅವಕ್ಕಂತಲೇ ಗೆರೆ ಕೊರೆದಿಟ್ಟ ಹಾಗಿದೆ. ಅದರಲ್ಲಿ ಮಡಚಿ ಕೂರಿಸಿಕೊಂಡಿತ್ತು. ಸತ್ತೇ ಹೋಯ್ತು ಅಂದುಕೊಂಡೆ. ಕೈ ಅಲುಗಿಸದೆ ಕಾದೆ. ಸ್ವಲ್ಪ ಹೊತ್ತಿಗೆ ಮೊದಲು ಮೀಸೆ ಹೊರಗೆ ಬಂತು. ಮೊಣಕೈ ಮಡಚಿದ ಹಾಗಿನ ಮೀಸೆ, ತುದಿಯಲ್ಲಿ ಗುಂಡಗಿನ ಗಂಟು. ಆಮೇಲೆ ಒಂದು ಕಾಲು. ಆಮೇಲೆ ಎದ್ದು ನಡೆದೇ ಬಿಟ್ಟಿತು.

ಒಂದು ಹಳೇ ಸ್ಟೀಲ್ ತಟ್ಟೆಗೆ ಒಂದು ಹಿಡಿ ಗೊಬ್ಬರ, ಐದು ಮರಿಹುಳು, ಜೊತೆಗೆ ಇದನ್ನೂ ಹಾಕಿ ಪಡಸಾಲೆಯಲ್ಲಿ ಇಟ್ಟೆ. ಮುಂಗಾಲಲ್ಲಿ ಗೊಬ್ಬರ ಸರಿಸಿಕೊಂಡು ಹೋಗಿ ಒಂದು ಮರಿಹುಳುವಿನ ನಡುವಿಗೇ ಬಾಯಿ ಹಾಕಿತು. ಮರಿಹುಳು ಸುರುಳಿ ಸುತ್ತಿಕೊಂಡು ಒದ್ದಾಡಿತು, ಇದು ಬಿಡಲಿಲ್ಲ. ನಾನು ಚಹಾ ಕುಡಿದು ಬರುವಷ್ಟರಲ್ಲಿ ಬರೀ ಸಿಪ್ಪೆ ಉಳಿದಿತ್ತು. ಸಂಜೆಗೆ ಐದರಲ್ಲಿ ಮೂರು ಇಲ್ಲ.

ನಮ್ಮವ್ವ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. "ಅಯ್ಯೋ, ಇದನ್ನ ನಾವು ಎಷ್ಟು ಸಲ ಕಾಲಾಗ ಹೊಸಕಿ ಹಾಕೀವಿ" ಅಂದಳು. ನಿಜ. ಬೇರು ತಿನ್ನುವ ಗೊಣ್ಣೆ ಹುಳುವಿನ ತಾಯಿ ಇರಬೇಕು ಅಂತ ಕಂಡಲ್ಲೆಲ್ಲ ಕೊಂದಿದ್ದೇವೆ. ಇದು ಏನು ಹುಳ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕೋಟೆ ಮೇಷ್ಟ್ರು

ತೋಟದವರೇ, ನೀವು ತಟ್ಟೆಯಲ್ಲಿ ಇಟ್ಟು ನೋಡಿದ್ದು ತುಂಬಾ ಒಳ್ಳೆಯ ಕೆಲಸ. ಇದು ಹಿಸ್ಟರ್ ದುಂಬಿ. ಹಿಸ್ಟರಿಡೆ ಅನ್ನೋ ಕುಟುಂಬ. ಇಂಗ್ಲಿಷಿನಲ್ಲಿ ಕ್ಲೌನ್ ಬೀಟಲ್ ಅಂತಲೂ ಕರೀತಾರೆ. ಗೊಣ್ಣೆ ಹುಳುವಿಗೂ ಇದಕ್ಕೂ ಸಂಬಂಧವೇ ಇಲ್ಲ.

ಗುರುತು ಹಿಡಿಯೋಕೆ ನೀವು ಬರೆದದ್ದರಲ್ಲೇ ಎರಡು ಇವೆ: ಮಡಚಿದ ಗಂಟು ಮೀಸೆ ಮತ್ತು ಸತ್ತ ಹಾಗೆ ಬಿದ್ದುಕೊಳ್ಳೋದು. ಮೂರನೆಯದನ್ನು ಮುಂದಿನ ಸಲ ನೋಡಿ. ಬೆನ್ನಿನ ಮೇಲಿನ ಗಟ್ಟಿ ರೆಕ್ಕೆ ಪೂರ್ತಿ ಹಿಂದಿನವರೆಗೆ ಬರೋದಿಲ್ಲ. ಗಿಡ್ಡ ಅಂಗಿ ಹಾಕಿದ ಹಾಗೆ ಹಿಂದೆ ಹೊಟ್ಟೆಯ ಎರಡು ಪಟ್ಟಿ ಹೊರಗೆ ಕಾಣುತ್ತವೆ. ಆ ರೆಕ್ಕೆ ಮೇಲೆ ಉದ್ದುದ್ದ ಸಣ್ಣ ಗೀರುಗಳಿರುತ್ತವೆ. ಯಾವ ಗೀರು ಪೂರ್ತಿ, ಯಾವುದು ಅರ್ಧ ಅಂತ ಎಣಿಸಿಯೇ ಜಾತಿ ಬೇರೆ ಮಾಡೋದು.

1758ರಲ್ಲಿ ಲಿನೇಯಸ್ ಹಿಸ್ಟರ್ ಅಂತ ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಹಿಸ್ಟ್ರಿಯೋ ಅಂದರೆ ನಟ. ಸತ್ತ ಹಾಗೆ ನಟಿಸುತ್ತೆ ಅಲ್ವಾ, ಅದಕ್ಕೇ ಆ ಹೆಸರು ಅಂತ ಒಂದು ವಿವರಣೆ ಇದೆ. ಜಗತ್ತಿನಲ್ಲಿ ಈ ಕುಟುಂಬದ 4 ಸಾವಿರಕ್ಕೂ ಹೆಚ್ಚು ಜಾತಿಗಳಿಗೆ ಹೆಸರಿಟ್ಟಿದ್ದಾರೆ. ಸಗಣಿಯಲ್ಲಿ, ಸತ್ತ ಪ್ರಾಣಿಯ ಕೆಳಗೆ, ಕೊಳೆತ ಮರದ ತೊಗಟೆಯಲ್ಲಿ, ಇರುವೆ ಗೂಡಿನಲ್ಲಿ, ಗೆದ್ದಲ ಹುತ್ತದಲ್ಲಿ, ಎಲ್ಲ ಕಡೆ ಇವೆ. ಸಗಣಿಯಲ್ಲಿ ಇರುತ್ತವೆ, ಆದರೆ ಸಗಣಿ ತಿನ್ನಲ್ಲ. ಅಲ್ಲಿಗೆ ಬರುವ ನೊಣದ ಮೊಟ್ಟೆ, ಮರಿಹುಳು ತಿನ್ನೋಕೆ ಬರುತ್ತವೆ. ದೊಡ್ಡದೂ ಬೇಟೆಗಾರ, ಅದರ ಮರಿಯೂ ಬೇಟೆಗಾರ. ಮರಿ ತಿನ್ನುವ ರೀತಿ ಬೇರೆ. ಹಿಡಿದದ್ದರ ಮೇಲೆ ಬಾಯಿಂದ ರಸ ಬಿಟ್ಟು, ಹೊರಗೇ ಕರಗಿಸಿ ಹೀರಿಕೊಳ್ಳುತ್ತದೆ.

ಬೆಣ್ಣೆನಗರಿ ಕೋಳಿ ಶೆಡ್

ಮೇಷ್ಟ್ರೇ, ಒಂದು ಮಾತು. ನಂದು ಮೊಟ್ಟೆ ಕೋಳಿ ಶೆಡ್, ದಾವಣಗೆರೆ ಹತ್ತಿರ. ಪಂಜರದ ಕೆಳಗೆ ಹಿಕ್ಕೆಯಲ್ಲಿ ಕರಿ ಹುಳ ರಾಶಿ ರಾಶಿ. ನನಗೆ ಅದು ಶತ್ರು ಅಂತಲೇ ಹೇಳಿಕೊಟ್ಟಿದ್ದಾರೆ. ಥರ್ಮೋಕೋಲ್ ಹಲಗೆ ಎಲ್ಲ ಕೊರೆದು ಹಾಳು ಮಾಡಿವೆ. ವರ್ಷಕ್ಕೆ ನಾಲ್ಕು ಸಲ ಔಷಧಿ ಹೊಡೆಸ್ತೀನಿ. ಆದರೂ ನೊಣದ ಕಾಟ ಹೋಗಿಲ್ಲ. ಮಳೆಗಾಲದಲ್ಲಿ ಪಕ್ಕದ ಊರಿನವರು ಊಟದ ತಟ್ಟೆ ತಂದು ತೋರಿಸಿ ಜಗಳ ಮಾಡಿ ಹೋದರು. ಅವರ ತಪ್ಪಿಲ್ಲ, ಅನ್ನದ ಮೇಲೆ ನೊಣ ಕೂತರೆ ಯಾರಿಗೆ ಸಿಟ್ಟು ಬರಲ್ಲ. ಇದೇ ಹುಳ ನೊಣ ತಿನ್ನುತ್ತೆ ಅಂದರೆ ನನ್ನ ಶೆಡ್‌ನಲ್ಲಿ ನೊಣವೇ ಇರಬಾರದಿತ್ತಲ್ವಾ?

ತುಂಗಭದ್ರೆ ದಂಡೆ

ಅಣ್ಣ, ನಿಮ್ಮ ಪ್ರಶ್ನೆ ಸರಿ ಇದೆ. ಆದರೆ ನಿಮ್ಮ ಶೆಡ್‌ನಲ್ಲಿ ಎರಡು ಬೇರೆ ಬೇರೆ ಕರಿ ಹುಳ ಇರಬಹುದು. ನಾನು ಹರಿಹರದವಳು, ಪ್ರಾಣಿಶಾಸ್ತ್ರ ಓದುತ್ತಿದ್ದೇನೆ. ಇದು ಕೋಳಿ ಸಾಕುವವರಿಗೆ ತುಂಬಾ ಮುಖ್ಯ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಹಲಗೆ ಕೊರೆಯುವುದು ಆಲ್ಫಿಟೋಬಿಯಸ್ ಅನ್ನೋ ದುಂಬಿ. ಸುಮಾರು 6 ಮಿಲಿಮೀಟರ್ ಉದ್ದ. ಆಕಾರ ಜೀರಿಗೆ ಮಾತ್ರೆ ಥರ ಉದ್ದುದ್ದ. ರೆಕ್ಕೆ ಹಿಂದಿನ ತುದಿವರೆಗೂ ಮುಚ್ಚಿರುತ್ತೆ. ಮೀಸೆ ಮಣಿ ಪೋಣಿಸಿದ ಹಾಗೆ ನೆಟ್ಟಗೆ. ಮುಟ್ಟಿದರೆ ಓಡುತ್ತೆ. ಕೋಳಿ ರೋಗಗಳನ್ನು ಹರಡುವುದರಲ್ಲೂ ಅದರ ಪಾಲಿದೆ. ಅದು ನಿಮ್ಮ ಶತ್ರುವೇ.

ಇನ್ನೊಂದು ಕಾರ್ಸಿನಾಪ್ಸ್ ಪುಮಿಲಿಯೋ. ಇದು ಹಿಸ್ಟರ್ ಕುಟುಂಬದ್ದು. ತುಂಬಾ ಸಣ್ಣದು, 2ರಿಂದ 3 ಮಿಲಿಮೀಟರ್ ಒಳಗೆ. ಸಾಸಿವೆ ಕಾಳಿನಷ್ಟೇ. ಗುಂಡಗೆ, ಕಪ್ಪಗೆ. ಮುಟ್ಟಿದರೆ ಮುದುಡಿಕೊಳ್ಳುತ್ತೆ. ಪ್ರಪಂಚದ ಬಹಳಷ್ಟು ದೇಶಗಳ ಕೋಳಿ ಶೆಡ್‌ಗಳಲ್ಲಿ ಇದು ಇದೆ. ಅಮೆರಿಕದಲ್ಲಿ ಇದರ ಬಗ್ಗೆ ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಒಂದೊಂದು ದುಂಬಿ ದಿನಕ್ಕೆ ಹತ್ತಾರು ನೊಣದ ಮೊಟ್ಟೆ ತಿನ್ನಬಲ್ಲದು.

ಈಗ ಲೆಕ್ಕ ನೋಡಿ. ಒಂದು ಮನೆನೊಣ ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆ ಇಡುತ್ತೆ. ಒಂದು ದಿನದೊಳಗೆ ಒಡೆಯುತ್ತವೆ. ನಮ್ಮ ಕಡೆ ಬಿಸಿಲಿನಲ್ಲಿ 7ರಿಂದ 10 ದಿನಕ್ಕೆ ಹೊಸ ನೊಣ ಹಾರುತ್ತೆ. ದುಂಬಿ ಬೆಳೆಯೋದು ಇಷ್ಟು ಬೇಗ ಅಲ್ಲ, ಅದಕ್ಕೆ ವಾರಗಳು ಬೇಕು. ಔಷಧಿ ಹೊಡೆದಾಗ ಇಬ್ಬರೂ ಸಾಯುತ್ತಾರೆ. ಹತ್ತು ದಿನಕ್ಕೆ ನೊಣ ವಾಪಸ್ ಬಂತು. ಅದನ್ನು ತಿನ್ನುವವರು ಇನ್ನೂ ಬಂದಿಲ್ಲ. ನೀವು ಮತ್ತೆ ಔಷಧಿ ಹೊಡೆದಿರಿ. ನಿಮ್ಮ ಶೆಡ್‌ನಲ್ಲಿ ಆಗುತ್ತಿರುವುದು ಇದೇ ಅಂತ ನನಗೆ ಅನ್ನಿಸುತ್ತೆ.

ಬೆಣ್ಣೆನಗರಿ ಕೋಳಿ ಶೆಡ್

ತಂಗಿ, ಇದನ್ನು ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಹಾಗಾದರೆ ಏನು ಮಾಡಲಿ? ಹಿಕ್ಕೆ ತೆಗೆಯದೇ ಇರೋಕಾಗಲ್ಲ.

ತುಂಗಭದ್ರೆ ದಂಡೆ

ತೆಗೆಯಿರಿ, ಆದರೆ ಒಂದೇ ಸಲ ಪೂರ್ತಿ ಗುಡಿಸಿ ಹಾಕಬೇಡಿ. ಮೂರರಲ್ಲಿ ಒಂದು ಭಾಗ ಹಳೇ ಒಣ ಹಿಕ್ಕೆ ಹಾಗೇ ಬಿಡಿ. ದುಂಬಿ ಅದರಲ್ಲೇ ಉಳಿದು ಹೊಸ ಹಿಕ್ಕೆಗೆ ಹತ್ತಿಕೊಳ್ಳುತ್ತೆ. ಎರಡನೆಯದು, ನೀರಿನ ಪೈಪ್ ಸೋರೋದನ್ನು ಮೊದಲು ನಿಲ್ಲಿಸಿ. ಒದ್ದೆ ಹಿಕ್ಕೆ ನೊಣಕ್ಕೆ ತೊಟ್ಟಿಲು. ದುಂಬಿಗೆ ಗಾಳಿಯಾಡುವ, ಪುಡಿಪುಡಿ ಹಿಕ್ಕೆ ಬೇಕು. ಮೂರನೆಯದು, ಔಷಧಿ ಹೊಡೆಯಲೇಬೇಕು ಅಂದರೆ ನೊಣ ಕೂರುವ ಗೋಡೆ, ಕಂಬಕ್ಕೆ ಹೊಡೆಯಿರಿ. ಹಿಕ್ಕೆ ಮೇಲೆ ಬೇಡ.

ಚಳ್ಳಕೆರೆ ರೊಪ್ಪ

ನಮ್ಮದು ಕುರಿ. ಬೇಸಿಗೆಯಲ್ಲಿ ರೊಪ್ಪದ ಗೊಬ್ಬರ ತೋಡುವಾಗ ಈ ಹುಳ ನಾನೂ ನೋಡಿದ್ದೀನಿ. ಮೊದಲು ಜಾಸ್ತಿ ಇತ್ತು, ಈಗ ಕಡಿಮೆ ಅನ್ನಿಸುತ್ತೆ. ಸಗಣಿ ಉರುಳಿಸೋ ಹುಳವೂ ಕಡಿಮೆ. ಹಿಂದೆ ಕಾವಲಿನಲ್ಲಿ ದನ ಸಗಣಿ ಹಾಕಿದ ಸ್ವಲ್ಪ ಹೊತ್ತಿಗೆ ಗುಂಯ್ ಅಂತ ಬಂದು ಇಳಿಯುತ್ತಿದ್ದವು. ನಮ್ಮಪ್ಪ ಅದನ್ನು ನೋಡಿ "ಮಣ್ಣು ಜೀವಂತ ಐತಿ" ಅನ್ನುತ್ತಿದ್ದ. ಏನಾಗಿದೆ ಅಂತ ಗೊತ್ತಿಲ್ಲ. ಜಂತಿಗೆ ಮದ್ದು ಹಾಕಿಸುವುದು ಮಾತ್ರ ಮೊದಲಿಗಿಂತ ಜಾಸ್ತಿ ಆಗಿದೆ. ಅದರಿಂದಲೂ ಆಗುತ್ತಾ?

ತುಂಗಭದ್ರೆ ದಂಡೆ

ಆಗಬಹುದು. ಐವರ್‌ಮೆಕ್ಟಿನ್ ಅನ್ನೋ ಮದ್ದು ಹಾಕಿಸುತ್ತೀರಾ ನೋಡಿ. ಅದು ಕುರಿಯ ಮೈಯಲ್ಲಿ ಕರಗಿ ಮುಗಿಯಲ್ಲ. ಬಹುಪಾಲು ಹಿಕ್ಕೆಯಲ್ಲೇ ಹೊರಗೆ ಬರುತ್ತೆ. ಮೊದಲ ಕೆಲವು ದಿನ ಜಾಸ್ತಿ. ಆ ಹಿಕ್ಕೆಯಲ್ಲಿ ಸಗಣಿ ಹುಳದ ಮರಿಗಳು ಸರಿಯಾಗಿ ಬೆಳೆಯಲ್ಲ, ನೊಣದ ಮರಿಯೂ ಬೆಳೆಯಲ್ಲ. ನೊಣದ ಮರಿ ಇಲ್ಲ ಅಂದರೆ ಹಿಸ್ಟರ್‌ಗೆ ಊಟ ಇಲ್ಲ. ಮದ್ದು ಬೇಡವೇ ಬೇಡ ಅಂತ ನಾನು ಹೇಳಲ್ಲ, ಕುರಿ ಉಳಿಯಬೇಕು. ಎಲ್ಲ ಕುರಿಗೂ ತಿಂಗಳಿಗೊಮ್ಮೆ ಸುಮ್ನೆ ಹಾಕಿಸೋ ಬದಲು, ಹಿಕ್ಕೆ ಪರೀಕ್ಷೆ ಮಾಡಿಸಿ ಬೇಕಾದಾಗ ಹಾಕಿಸಿ. ಹಾಕಿಸಿದ ಮೇಲೆ ಆ ವಾರದ ಹಿಕ್ಕೆ ಬೇರೆ ಗುಂಡಿಗೆ ಹಾಕಿ.

ಜಗಳೂರು ಅಕ್ಕ

ನಾನು ಓದುತ್ತಾ ಬಂದೆ, ತುಂಬಾ ಚೆನ್ನಾಗಿದೆ. ನನ್ನ ಪ್ರಶ್ನೆ ಬೇರೆ. ನಮ್ಮಲ್ಲಿ ಮೆಕ್ಕೆಜೋಳ ಚೀಲದಲ್ಲಿಟ್ಟರೆ ಮೂರು ತಿಂಗಳಿಗೆ ಹಿಟ್ಟಾಗುತ್ತೆ. ಕಾಳಿನ ಹುಳ ತಿನ್ನುವ ಹಿಸ್ಟರ್ ಏನಾದರೂ ಇದೆಯಾ?

ಕೋಟೆ ಮೇಷ್ಟ್ರು

ಇದೆ ತಾಯಿ, ಅದರ ಕಥೆ ದೊಡ್ಡದು. ಮೆಕ್ಸಿಕೋ, ಮಧ್ಯ ಅಮೆರಿಕದ ಕಡೆ ಮೆಕ್ಕೆಜೋಳ ಕೊರೆಯುವ ಒಂದು ದುಂಬಿ ಇದೆ, ಪ್ರೊಸ್ಟೆಫಾನಸ್ ಅಂತ. ಅದು ಹೇಗೋ ಆಫ್ರಿಕಾ ಸೇರಿತು. ಅಲ್ಲಿನ ಸಣ್ಣ ರೈತರ ಕಣಜಗಳು ಪುಡಿಯಾದವು. ಆ ಕೊರಕದ ಹುಟ್ಟೂರಿನಲ್ಲಿ ಅದನ್ನು ತಿನ್ನುವ ಒಂದು ಹಿಸ್ಟರ್ ಇತ್ತು, ಟೆರೆಟ್ರಿಯಸ್ ನಿಗ್ರೆಸೆನ್ಸ್. ಕೊರಕ ತನ್ನವರನ್ನು ಕರೆಯಲು ಬಿಡುವ ವಾಸನೆಯನ್ನೇ ಹಿಡಿದು ಇದು ಬಂದು ಹಿಡಿಯುತ್ತೆ. 1991ರಲ್ಲಿ ಟೋಗೋ ದೇಶದಲ್ಲಿ ಬಿಟ್ಟರು, ಮರುವರ್ಷ ಕೀನ್ಯಾದಲ್ಲಿ. ಕೆಲವು ಕಡೆ ಕೊರಕ ಕಡಿಮೆಯಾಯಿತು, ಎಲ್ಲ ಕಡೆ ಅಲ್ಲ.

ನಮ್ಮ ಚೀಲದಲ್ಲಿ ಸಾಮಾನ್ಯವಾಗಿ ಇರುವುದು ಸೊಂಡಿಲು ಹುಳ. ಅದು ಬೇರೆ. ಹೊರಗಿನ ದುಂಬಿ ತಂದು ಬಿಡುವ ಯೋಚನೆ ಬೇಡ. ಕಾಳು ಹಲ್ಲಿಗೆ ಕಟ್ ಅನ್ನುವವರೆಗೆ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ಬಿಗಿದು ಕಟ್ಟಿಡಿ. ನಿಮಗೆ ಅದೇ ಸರಿ.

ಚನ್ನಗಿರಿ ತೋಟದವ

ಮೇಷ್ಟ್ರೇ, ಅಡಿಕೆ ಮಧ್ಯೆ ನಮ್ಮದು ಬಾಳೆಯೂ ಇದೆ. ಗೊನೆ ಕಡಿದ ಮೇಲೆ ಬಿದ್ದ ದಿಂಡು ಕೊಳೆಯುತ್ತಲ್ಲ, ಇವತ್ತು ಒಂದನ್ನು ಪದರ ಪದರ ಬಿಡಿಸಿದೆ. ಒಳಗೆ ಕಪ್ಪಗಿನ ಚಪ್ಪಟೆ ಹುಳ ಸಿಕ್ಕಿತು. ಹುಣಸೆ ಬೀಜವನ್ನು ಬಡಿದು ತೆಳ್ಳಗೆ ಮಾಡಿದ ಹಾಗಿದೆ. ಮುಂದೆ ಎರಡು ಕೊಂಡಿ ಥರ ದವಡೆ. ಇದೂ ಅದೇ ಕುಟುಂಬವಾ?

ಕೋಟೆ ಮೇಷ್ಟ್ರು

ಹೌದು, ಹೋಲೋಲೆಪ್ಟಾ ಗುಂಪಿನದು ಇರಬೇಕು. ದಿಂಡಿನ ಪದರಗಳ ನಡುವೆ, ತೊಗಟೆ ಕೆಳಗೆ ನುಗ್ಗೋಕೆ ಮೈ ಕಾಗದದ ಹಾಗೆ ಆಗಿದೆ. ಹೋಲೋಲೆಪ್ಟಾ ಇಂಡಿಕಾ ಅಂತ ನಮ್ಮ ದೇಶದ ಹೆಸರಲ್ಲೇ ಒಂದು ಜಾತಿ ಇದೆ. 1834ರಲ್ಲಿ ಜರ್ಮನಿಯ ಎರಿಕ್ಸನ್ ಹೆಸರಿಟ್ಟದ್ದು. ನಿಮ್ಮದು ಅದೇನಾ ಅಂತ ಫೋಟೋ ನೋಡಿ ಹೇಳಬಾರದು, ಸೂಕ್ಷ್ಮದರ್ಶಕ ಬೇಕು.

ಬಾಳೆ ಗೆಡ್ಡೆ ಕೊರೆಯುವ ಮೂತಿ ಹುಳುವಿನ ಮರಿಯನ್ನೂ ತಿನ್ನುವ ಹಿಸ್ಟರ್‌ಗಳಿವೆ. ಜಾವಾ ದ್ವೀಪದ ಪ್ಲೇಸಿಯಸ್ ಜಾವಾನಸ್ ಅನ್ನೋದನ್ನು ಹೋದ ಶತಮಾನದ ಆರಂಭದಲ್ಲೇ ಫಿಜಿಗೆ ಒಯ್ದು ಬಿಟ್ಟಿದ್ದರು. ಫಿಜಿಯಲ್ಲಿ ನೆಲೆ ನಿಂತಿತು. ಆಮೇಲೆ ಬೇರೆ ಬೇರೆ ದೇಶಗಳಲ್ಲೂ ಬಿಟ್ಟರು, ಬಹಳ ಕಡೆ ಹತ್ತಲಿಲ್ಲ. ಅದಕ್ಕೇ ನಾನು ಯಾವಾಗಲೂ ಹೇಳುವುದು: ನಮ್ಮ ನೆಲದಲ್ಲಿ ತಾನಾಗಿ ಇರುವುದನ್ನು ಮೊದಲು ಉಳಿಸಿಕೊಳ್ಳೋಣ.

ಜೋಗಿಮಟ್ಟಿ ನಡಿಗೆ

ತಡವಾಗಿ ಬಂದೆ, ಕ್ಷಮಿಸಿ. ಹಿಸ್ಟರ್ ಅಂದ ತಕ್ಷಣ ನನಗೆ ನೆನಪಾಗುವುದು ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಜಾತಿ. ಹೆಸರು ನಿಂಫಿಸ್ಟರ್ ಕ್ರೋನಾವೇರಿ. 2017ರಲ್ಲಿ ವಿಜ್ಞಾನಕ್ಕೆ ಹೊಸದು ಅಂತ ಹೆಸರಿಟ್ಟದ್ದು. ಇರುವುದು ಮಧ್ಯ ಅಮೆರಿಕದ ಕೋಸ್ಟರಿಕಾದ ಕಾಡಿನಲ್ಲಿ. ಉದ್ದ ಒಂದೂವರೆ ಮಿಲಿಮೀಟರ್, ರಾಗಿ ಕಾಳಿನಷ್ಟು.

ಅಲ್ಲಿ ದಂಡಿರುವೆಗಳಿವೆ. ಒಂದೇ ಕಡೆ ಗೂಡು ಕಟ್ಟಿ ಇರೋದಿಲ್ಲ. ಮರಿ, ಮೊಟ್ಟೆ ಎಲ್ಲ ಹೊತ್ತುಕೊಂಡು ರಾತ್ರಿ ಸಾಲು ಸಾಲಾಗಿ ಜಾಗ ಬದಲಿಸುತ್ತವೆ. ನಮ್ಮ ಕಡೆ ಕುರಿಗಾರರು ಮಂದೆ ಹೊಡೆದುಕೊಂಡು ಊರೂರು ಹೋಗುವ ಹಾಗೆ. ಆ ಸಾಲನ್ನು ದೀಪ ಹಿಡಿದು ನೋಡುತ್ತಿದ್ದ ಸಂಶೋಧಕರಿಗೆ ಕೆಲವು ಇರುವೆಗಳಿಗೆ ಹಿಂದೆ ಎರಡು ಹೊಟ್ಟೆ ಇದ್ದ ಹಾಗೆ ಕಂಡಿತು. ಒಂದನ್ನು ಹಿಡಿದು ಸೀಸೆಗೆ ಹಾಕಿ ಅಲುಗಿಸಿದರು. ಎರಡನೇ ಹೊಟ್ಟೆ ಕಳಚಿ ಬಿತ್ತು. ಅದಕ್ಕೆ ಕಾಲಿತ್ತು!

ಈ ದುಂಬಿ ಇರುವೆಯ ಸೊಂಟವನ್ನು ದವಡೆಯಲ್ಲಿ ಕಚ್ಚಿ ಹಿಡಿದು ಜೋತು ಬೀಳುತ್ತೆ. ಬಣ್ಣ, ಗಾತ್ರ, ಹೊಳಪು ಎಲ್ಲ ಇರುವೆಯ ಹೊಟ್ಟೆಯದೇ. ಇರುವೆ ನಡೆಯುತ್ತೆ, ಇದು ಕೂತು ಹೋಗುತ್ತೆ. ದಂಡು ಎಲ್ಲಿಗೆ ಹೋದರೂ ಇದು ಜೊತೆಗೆ. ಹೆಸರಿಟ್ಟವರು ಫಾನ್ ಬೇರೆನ್ ಮತ್ತು ಟಿಶೆಚ್ಕಿನ್. ಆ ಇರುವೆಗಳನ್ನೇ ಅಧ್ಯಯನ ಮಾಡುವ ಕ್ರೋನಾವರ್ ಅವರ ಗೌರವಕ್ಕೆ ಆ ಹೆಸರು.

ಇರುವೆಯ ಜೊತೆ ಹಿಸ್ಟರ್‌ನ ಸಹವಾಸ ಹೊಸದಲ್ಲ. ಮ್ಯಾನ್ಮಾರ್‌ನ ಅಂಬರಿನಲ್ಲಿ, ಅಂದರೆ ಗಟ್ಟಿಯಾದ ಮರದ ಅಂಟಿನಲ್ಲಿ, ಸಿಕ್ಕಿದ ಒಂದು ಹಿಸ್ಟರ್‌ಗೆ ಪ್ರೊಮಿರ್ಮಿಸ್ಟರ್ ಅಂತ 2019ರಲ್ಲಿ ಹೆಸರಿಟ್ಟರು. ಅದರ ವಯಸ್ಸು ಸುಮಾರು 9 ಕೋಟಿ 90 ಲಕ್ಷ ವರ್ಷ. ಆಗಲೇ ಅದರ ಮೈ ಇರುವೆ ಗೂಡಿನಲ್ಲಿ ಬಾಳುವುದಕ್ಕೆ ತಕ್ಕ ಹಾಗಿತ್ತು.

ಚಳ್ಳಕೆರೆ ರೊಪ್ಪ

ಇರುವೆ ಸೊಂಟಕ್ಕೆ ಜೋತು ಬಿದ್ದು ಸವಾರಿ! ಇದನ್ನು ರಾತ್ರಿ ನನ್ನ ಮಗಳಿಗೆ ಓದಿ ಹೇಳಿದೆ. ಅಂಗಳದಲ್ಲಿ ಬ್ಯಾಟರಿ ಹಿಡಿದುಕೊಂಡು ಇರುವೆ ಸಾಲು ನೋಡುತ್ತಾ ಕೂತಿದ್ದಾಳೆ. ನಮ್ಮಲ್ಲೂ ಅಂಥದ್ದು ಇರಬಹುದಾ?

ಜೋಗಿಮಟ್ಟಿ ನಡಿಗೆ

ಆ ಜಾತಿ ಇಲ್ಲಿಲ್ಲ ಅಣ್ಣ, ಆ ದಂಡಿರುವೆಯೂ ಇಲ್ಲಿಲ್ಲ. ಆದರೆ ಸಾಲುಗಟ್ಟಿ ಬೇಟೆಗೆ ಹೋಗುವ ಕರಿ ಇರುವೆ ನಮ್ಮಲ್ಲಿದೆ, ಲೆಪ್ಟೊಜೆನಿಸ್ ಅಂತ. ಗೆದ್ದಲು ಹಿಡಿದು ಬಾಯಲ್ಲಿ ಕಚ್ಚಿಕೊಂಡು ವಾಪಸ್ ಬರುತ್ತವೆ. ಮಳೆ ಬಿದ್ದ ಮೇಲೆ ಜೋಗಿಮಟ್ಟಿಯಲ್ಲಿ, ಚಂದ್ರವಳ್ಳಿ ಬಂಡೆಗಳ ಹತ್ತಿರ ನಾನು ನೋಡುತ್ತಿರುತ್ತೇನೆ. ಆ ಸಾಲಿನಲ್ಲಿ ಇರುವೆ ಅಲ್ಲದ್ದು ಯಾವುದಾದರೂ ನಡೆಯುತ್ತಿದೆಯಾ ಅಂತ ನೋಡೋಕೆ ಹೇಳಿ ಮಗಳಿಗೆ. ಗೂಡು ಮಾತ್ರ ಅಗೆಯಬಾರದು. ಕಚ್ಚಿದರೆ ಚೆನ್ನಾಗಿ ಉರಿಯುತ್ತೆ.

ಜಗಳೂರು ಅಕ್ಕ

ಎಲ್ಲ ಸರಿ, ಇದಕ್ಕೆ ಕನ್ನಡದಲ್ಲಿ ಹೆಸರೇ ಇಲ್ವಾ? ನಮ್ಮಲ್ಲಿ ಎಲ್ಲದಕ್ಕೂ ಕರಿ ಹುಳ ಅಂತಲೇ ಅಂತಾರೆ. ಹೆಸರಿಲ್ಲದ್ದನ್ನು ಯಾರು ಉಳಿಸುತ್ತಾರೆ?

ಕೋಟೆ ಮೇಷ್ಟ್ರು

ವಿದೂಷಕ ದುಂಬಿ ಅನ್ನಬಹುದು.

ಚಳ್ಳಕೆರೆ ರೊಪ್ಪ

ಮೇಷ್ಟ್ರೇ, ತಪ್ಪು ತಿಳಿಯಬೇಡಿ, ಅದು ಪುಸ್ತಕದಲ್ಲೇ ಉಳಿಯುತ್ತೆ. ನಮ್ಮ ಬಯಲಾಟದಲ್ಲಿ ಜನರನ್ನು ನಗಿಸುವವನು ಸಾರಥಿ. ಸಾರಥಿ ಹುಳ ಅಂದರೆ ಹೇಗೆ? ಇರುವೆ ಮೇಲೆ ಸವಾರಿ ಬೇರೆ ಮಾಡುತ್ತೆ.

ತುಂಗಭದ್ರೆ ದಂಡೆ

ಹಗಲುವೇಷದ ಹುಳ? ವೇಷ ಹಾಕುತ್ತೆ ಅಲ್ವಾ.

ಚನ್ನಗಿರಿ ತೋಟದವ

ನಮ್ಮವ್ವ ಆಗಲೇ ಹೆಸರಿಟ್ಟುಬಿಟ್ಟಿದ್ದಾಳೆ. ನಿನ್ನೆ ಗೊಬ್ಬರ ಹೊರುವವರಿಗೆ ಹೇಳುತ್ತಿದ್ದಳು: "ಆ ಸತ್ತಂಗೆ ಮಾಡೋ ಹುಳ ಕಂಡ್ರೆ ಪಕ್ಕಕ್ಕೆ ಬಿಡ್ರಿ, ತುಳೀಬ್ಯಾಡ್ರಿ." ಯಾರೂ ಹಾಗಂದರೆ ಏನು ಅಂತ ಕೇಳಲಿಲ್ಲ. ಎಲ್ಲರಿಗೂ ಅರ್ಥವಾಯಿತು. ನನಗೆ ಇದೇ ಸರಿ ಅನ್ನಿಸುತ್ತೆ.

ಕೋಟೆ ಮೇಷ್ಟ್ರು

ನಿಮ್ಮ ತಾಯಿಯದೇ ಇರಲಿ. ವಿದೂಷಕ ಬೇಡ.

ಒಂದು ಎಚ್ಚರಿಕೆ ಮಾತ್ರ. ಈಗ ಎಲ್ಲರೂ ಸಗಣಿ ಉರುಳಿಸುವ ಹುಳವನ್ನೂ ಇದೇ ಅಂದುಕೊಳ್ಳಬೇಡಿ. ಸಗಣಿ ಹುಳದ ಮೀಸೆ ತುದಿ ಬೀಸಣಿಗೆ ಥರ ಎಸಳು ಎಸಳಾಗಿ ಬಿಚ್ಚುತ್ತೆ. ಇದರದ್ದು ಗಂಟು. ಅದು ಸಗಣಿ ತಿನ್ನುತ್ತೆ, ಮಣ್ಣಿಗೆ ಸೇರಿಸುತ್ತೆ. ಅದನ್ನೂ ಕೊಲ್ಲಬಾರದು. ಗೊಣ್ಣೆ ಹುಳುವಿನ ತಾಯಿ ದುಂಬಿ ಬೇರೆ, ಕಂದು ಬಣ್ಣ, ಮುಂಗಾರು ಮಳೆ ಬಿದ್ದ ಸಂಜೆ ದೀಪಕ್ಕೆ ಬರುತ್ತೆ.

ಬೆಣ್ಣೆನಗರಿ ಕೋಳಿ ಶೆಡ್

ಇಪ್ಪತ್ತು ದಿನ ಆಯ್ತು, ಹೇಳೋಣ ಅಂತ ಬಂದೆ. ತಂಗಿ ಹೇಳಿದ ಹಾಗೆ ಮಾಡಿದೆ. ಕೋಳಿ ನೀರು ಕುಡಿಯುವ ಪೈಪಿನಲ್ಲಿ ಸೋರುತ್ತಿದ್ದ ನಿಪ್ಪಲ್‌ಗಳನ್ನು ಬದಲಾಯಿಸಿದೆ. ಎಡಗಡೆ ಸಾಲಿನ ಹಿಕ್ಕೆ ಪೂರ್ತಿ ತೆಗೆಸಿದೆ, ಬಲಗಡೆ ಸಾಲಿನದ್ದು ಮೂರರಲ್ಲಿ ಒಂದು ಭಾಗ ಬಿಡಿಸಿದೆ. ಔಷಧಿ ಗೋಡೆಗೆ ಮಾತ್ರ.

ನಿನ್ನೆ ರಾತ್ರಿ ಬ್ಯಾಟರಿ ಹಿಡಿದು ಬಲಗಡೆ ಹಿಕ್ಕೆ ಒಂದು ಚಮಚ ತೆಗೆದು ಬಿಳಿ ಕಾಗದದ ಮೇಲೆ ಹರಡಿದೆ. ಮೊದಲು ಏನೂ ಕಾಣಲಿಲ್ಲ. ಸಾಸಿವೆ ಕಾಳು ಬಿದ್ದ ಹಾಗೆ ಏಳು ಕರಿ ಚುಕ್ಕೆ. ಅಲುಗಲಿಲ್ಲ. ನಾನೂ ಅಲುಗದೆ ಕೂತೆ. ಒಂದಾದ ಮೇಲೊಂದು ಕಾಲು ಬಿಚ್ಚಿ ನಡೆದವು. ಎಡಗಡೆ ಹಿಕ್ಕೆಯಲ್ಲಿ ಒಂದೂ ಸಿಗಲಿಲ್ಲ.

ನೊಣ ಪೂರ್ತಿ ಹೋಗಿದೆ ಅಂತ ಹೇಳಲ್ಲ, ಇನ್ನೂ ಇದೆ. ಬಲಗಡೆ ಕಡಿಮೆ ಅಂತ ನನ್ನ ಕಣ್ಣಿಗೆ ಅನ್ನಿಸುತ್ತೆ. ಪಕ್ಕದ ಊರಿನವರನ್ನು ಕರೆದು ಏನು ಮಾಡುತ್ತಿದ್ದೀನಿ ಅಂತ ತೋರಿಸಿದೆ. ಒಬ್ಬರು ತಿಂಗಳು ಬಿಟ್ಟು ಬರ್ತೀವಿ ಅಂದರು. ತಂಗಿ, ಬಲಗಡೆಯ ಹಳೇ ಹಿಕ್ಕೆ ಒಂದೆರಡು ಪುಟ್ಟಿ ಎಡಗಡೆಗೆ ಹಾಕಿದರೆ ದುಂಬಿ ಅಲ್ಲೂ ಹತ್ತುತ್ತಾ?

ತುಂಗಭದ್ರೆ ದಂಡೆ

ಹತ್ತುತ್ತೆ ಅಣ್ಣ. ಹಾಗೆ ಹಿಕ್ಕೆ ಸಮೇತ ಸಾಗಿಸುವುದು ಇದೆ. ಆದರೆ ಮೊದಲು ಹಲಗೆ ಕೊರೆಯುವ ಆ ಉದ್ದ ಹುಳ ಅದರಲ್ಲಿ ಎಷ್ಟಿದೆ ನೋಡಿ. ಜಾಸ್ತಿ ಇದ್ದರೆ ಹಿಕ್ಕೆ ಸಾಗಿಸಬೇಡಿ, ಅದೂ ಹರಡುತ್ತೆ. ಕಾಗದದ ಮೇಲೆ ಹರಡಿ ಮುದುಡಿಕೊಂಡವನ್ನು ಮಾತ್ರ ಮೆತ್ತನೆ ಬ್ರಷ್‌ನಲ್ಲಿ ಎತ್ತಿ ಡಬ್ಬಿಗೆ ಹಾಕಿಕೊಳ್ಳಿ. ಶನಿವಾರ ನನಗೆ ಕಾಲೇಜು ಮಧ್ಯಾಹ್ನದವರೆಗೆ. ಆಮೇಲೆ ಬಂದು ನಾನೂ ಆರಿಸಿ ಕೊಡ್ತೀನಿ. ಭೂತಗನ್ನಡಿ ತರ್ತೀನಿ.